ಕೊನೆಗೆ ಎರಡೇ ಈಡು: ಜಾನ್ ಬ್ರೌನಿಂಗ್ ಬದುಕು

ಆಂಡರ್ಸನ್‌ಪೇಟೆ ಅನ್ನೋ ಹೆಸರು ಕೇಳಿದ ಕೂಡಲೇ ಕಾಡಿನ ಕತೆ ಓದಿದ ಕನ್ನಡಿಗರಿಗೆ ಬೇಟೆಗಾರ ಕೆನೆತ್ ಆಂಡರ್ಸನ್ ನೆನಪಾಗ್ತಾರೆ. ನಮ್ಮ ಊರಿಗೂ ಅವರಿಗೂ ನಂಟು ಹುಡುಕೋಕೆ ನಾವು ಹೊರಟಿಲ್ಲ. ಆದರೆ ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಆ ಕತೆಗಳಲ್ಲಿ ಆಂಡರ್ಸನ್ ಕೈಯಲ್ಲಿ ಒಂದು .405 ವಿಂಚೆಸ್ಟರ್ ರೈಫಲ್ ಇರುತ್ತಲ್ಲ, 1895ರ ಮಾದರಿಯದ್ದು, ಅದನ್ನು ವಿನ್ಯಾಸ ಮಾಡಿದವರು ಯಾರು ಅಂತ ನಮ್ಮಲ್ಲಿ ಹೆಚ್ಚಿನವರು ಯೋಚಿಸಿರಲ್ಲ. ಅವರ ಹೆಸರು ಜಾನ್ ಮೋಸೆಸ್ ಬ್ರೌನಿಂಗ್. ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತದ ಈ ಅಮೆರಿಕದ ಮನುಷ್ಯನ ಹೆಸರಲ್ಲಿ 128 ಪೇಟೆಂಟ್‌ಗಳಿವೆ. ಒಂದರ ಹಿಂದೆ ಒಂದು ಈಡು ಹಾರಿಸೋ ಯಂತ್ರಗಳಿಂದ ಹೆಸರಾದ ಬ್ರೌನಿಂಗ್, ತಮ್ಮ ಕೊನೆಯ ವರ್ಷಗಳಲ್ಲಿ ಕೂತು ಮಾಡಿದ್ದು ಎರಡೇ ಈಡಿನ ಒಂದು ಜೋಡಿ ನಳಿಗೆ ಕೋವಿ. ಇದು ಯಾಕೆ ಹೀಗಾಯ್ತು ಅನ್ನೋದೇ ಈ ಲೇಖನದ ವಿಷಯ.

ಬ್ರೌನಿಂಗ್ ಹುಟ್ಟಿದ್ದು 1855ರ ಜನವರಿ 23ರಂದು, ಯೂಟಾದ ಆಗ್ಡೆನ್ ಊರಲ್ಲಿ. ಅಪ್ಪ ಜೊನಾಥನ್ ಕೋವಿ ಮಾಡುವವರು. ಮೂವರು ಹೆಂಡತಿಯರು, 22 ಮಕ್ಕಳ ದೊಡ್ಡ ಸಂಸಾರ. ಮನೆಯ ಪಕ್ಕದ ವರ್ಕ್‌ಶಾಪೇ ಹುಡುಗನಿಗೆ ಆಟದ ಮೈದಾನ. ಹತ್ತು ವರ್ಷದವನಿದ್ದಾಗ ಗುಜರಿಯಲ್ಲಿ ಬಿದ್ದಿದ್ದ ಹಳೇ ನಳಿಗೆಯೊಂದನ್ನು ತೆಗೆದು, ಮರದ ತುಂಡಿಗೆ ಕಟ್ಟಿ ಕೋವಿ ಮಾಡಿದ, ತಮ್ಮ ಮ್ಯಾಟ್‌ನ ಕರ್ಕೊಂಡು ಹೋಗಿ ಹುಲ್ಲುಗಾವಲಿನ ಕೋಳಿ ಹೊಡೆದು ತಂದ ಅಂತ ಅವರ ಮನೆಯಲ್ಲಿ ಹೇಳುತ್ತಾ ಬಂದಿದ್ದಾರೆ. ಶಾಲೆ ಹದಿನೈದರ ಹೊತ್ತಿಗೆ ಮುಗೀತು. ಆಮೇಲೆ ಪೂರ್ತಿ ಅಂಗಡಿ ಕೆಲಸ.

1879ರಲ್ಲಿ, 24ನೇ ವಯಸ್ಸಿಗೆ, ಮೊದಲ ಪೇಟೆಂಟ್ ಬಂತು. ಒಂದು ಸಲಕ್ಕೆ ಒಂದೇ ತೋಟಾ ತುಂಬುವ ರೈಫಲ್ ಅದು. ಅಣ್ಣ ತಮ್ಮಂದಿರು ಸೇರಿ ಕೈಯಲ್ಲೇ ಮಾಡಿ ಮಾರುತ್ತಿದ್ದರು. ಜಾನ್ ಟೇಲರ್ ಕಂಪನಿ ನಮ್ಮ ಕೆಜಿಎಫ್‌ನಲ್ಲಿ ಗಣಿ ಕೆಲಸಕ್ಕೆ ಇಳಿದದ್ದು ಇದರ ಮರುವರ್ಷವೇ, 1880ರಲ್ಲಿ. 1883ರಲ್ಲಿ ವಿಂಚೆಸ್ಟರ್ ಕಂಪನಿಯ ಬೆನೆಟ್ ರೈಲು ಹತ್ತಿ ಆಗ್ಡೆನ್‌ಗೆ ಬಂದು, 8,000 ಡಾಲರ್ ಕೊಟ್ಟು ಆ ರೈಫಲ್‌ನ ಹಕ್ಕು ಕೊಂಡುಕೊಂಡರು. ಅಲ್ಲಿಂದ ಸುಮಾರು ಇಪ್ಪತ್ತು ವರ್ಷ ಬ್ರೌನಿಂಗ್ ವಿನ್ಯಾಸ ಮಾಡೋದು, ವಿಂಚೆಸ್ಟರ್ ಕೊಂಡುಕೊಳ್ಳೋದು, ಇದೇ ನಡೀತು. ಆಂಡರ್ಸನ್ ಅವರ ರೈಫಲ್ ಕೂಡ ಈ ಕಾಲದ್ದೇ.

ಬ್ರೌನಿಂಗ್ ಕಣ್ಣು ಎಂಥದ್ದು ಅನ್ನೋಕೆ ಒಂದು ಉದಾಹರಣೆ ಸಾಕು. 1889ರಲ್ಲಿ ಗೆಳೆಯರ ಜೊತೆ ಗುರಿ ಹೊಡೆಯುತ್ತಿದ್ದಾಗ, ಈಡು ಹಾರಿದ ಪ್ರತಿ ಸಲವೂ ನಳಿಗೆಯ ಮುಂದಿನ ಗಿಡಗಳು ಗಾಳಿಗೆ ಬಾಗೋದನ್ನು ಕಂಡರು. ಎಲ್ಲರೂ ದಿನಾ ನೋಡೋದೇ. ಆದರೆ ಅವರಿಗೆ ಕಂಡದ್ದು ವ್ಯರ್ಥವಾಗಿ ಹೋಗ್ತಿರೋ ಶಕ್ತಿ. ಆ ಅನಿಲದಿಂದಲೇ ಮುಂದಿನ ತೋಟಾ ತಾನಾಗೇ ತುಂಬಿಕೊಳ್ಳುವ ಯಂತ್ರ ಮಾಡೋಕೆ ಕೂತರು. ಥರ್ಮೋಡೈನಮಿಕ್ಸ್ ಪಾಠದಲ್ಲಿ ನಾವು ಫಾರ್ಮುಲಾ ಬರೀತೀವಿ, ಅವರು ಗಿಡ ನೋಡಿ ಅದನ್ನು ಹಿಡಿದರು.

ಬ್ರೌನಿಂಗ್ ಸ್ವತಃ ಒಳ್ಳೆ ಗುರಿಕಾರರು ಕೂಡ. 1890ರ ದಶಕದಲ್ಲಿ ಆಗ್ಡೆನ್‌ನಲ್ಲಿ ನಾಲ್ಕು ಜನರ ಒಂದು ಟ್ರ್ಯಾಪ್ ತಂಡ ಇತ್ತು: ಜಾನ್ ಬ್ರೌನಿಂಗ್, ತಮ್ಮ ಮ್ಯಾಟ್, ಜೊತೆಗೆ ಬಿಗೆಲೋ ಮತ್ತು ಬೆಕರ್. ನಾಲ್ವರ ಹೆಸರೂ ಬಿ ಅಕ್ಷರದಿಂದ ಶುರುವಾಗೋದ್ರಿಂದ ಜನ ಅವರನ್ನು ನಾಲ್ಕು ಬಿಗಳು ಅಂತಲೇ ಕರೀತಿದ್ದರು. ಟ್ರ್ಯಾಪ್ ಅಂದರೆ ಗಾಳಿಗೆ ಎಸೆದ ತಟ್ಟೆ ಒಡೆಯೋ ಆಟ. ಮೊದಲು ಇದಕ್ಕೆ ಜೀವಂತ ಪಾರಿವಾಳಗಳನ್ನು ಹಾರಿಬಿಡುತ್ತಿದ್ದರು. 1880ರಲ್ಲಿ ಜಾರ್ಜ್ ಲಿಗೌಸ್ಕಿ ಅನ್ನೋರು ಸುಟ್ಟ ಮಣ್ಣಿನ ತಟ್ಟೆ ತಂದ ಮೇಲೆ ನಿಧಾನಕ್ಕೆ ಹಕ್ಕಿಯ ಜಾಗಕ್ಕೆ ತಟ್ಟೆ ಬಂತು. ಇವತ್ತಿನ ಒಲಿಂಪಿಕ್ಸ್ ತಟ್ಟೆ 110 ಮಿಲಿಮೀಟರ್ ಅಗಲ, 105 ಗ್ರಾಂ ತೂಕ. ಮಣ್ಣಿನದ್ದಲ್ಲ, ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟು ಸೇರಿಸಿ ಅಚ್ಚು ಹಾಕಿದ್ದು.

1902 ದೊಡ್ಡ ತಿರುವಿನ ವರ್ಷ. ಶಿವನಸಮುದ್ರದ ಕರೆಂಟು ನಮ್ಮ ಗಣಿಗಳಿಗೆ ಬಂದ ವರ್ಷವೂ ಅದೇ. ಐದು ತೋಟಾ ಹಿಡಿಯುವ, ತಾನಾಗೇ ತುಂಬಿಕೊಳ್ಳುವ ಚರೆ ಕೋವಿಯೊಂದನ್ನು ಬ್ರೌನಿಂಗ್ ಆಗ ಸಿದ್ಧ ಮಾಡಿದ್ದರು. ಈ ಸಲ ಒಂದೇ ಮೊತ್ತಕ್ಕೆ ಮಾರೋಕೆ ಒಪ್ಪಲಿಲ್ಲ. ಮಾರಾಟವಾದ ಪ್ರತಿ ಕೋವಿಗೂ ರಾಯಲ್ಟಿ ಬೇಕು ಅಂತ ಪಟ್ಟು ಹಿಡಿದರು. ವಿಂಚೆಸ್ಟರ್ ಒಪ್ಪಲಿಲ್ಲ. ಇಪ್ಪತ್ತು ವರ್ಷದ ಸಂಬಂಧ ಅಲ್ಲಿಗೆ ಮುರೀತು. ರೆಮಿಂಗ್ಟನ್ ಕಂಪನಿಗೆ ಹೋದರೆ, ಅಧ್ಯಕ್ಷರ ಭೇಟಿಗೆ ಕಾಯ್ತಾ ಕೂತಿದ್ದಾಗಲೇ ಆ ಅಧ್ಯಕ್ಷರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು. ಬ್ರೌನಿಂಗ್ ಮಾದರಿಯನ್ನು ಹಿಡ್ಕೊಂಡು ಹಡಗು ಹತ್ತಿ ಬೆಲ್ಜಿಯಂಗೆ ಹೋದರು. ಲಿಯೇಜ್ ಪಕ್ಕದ ಹರ್ಸ್ಟಾಲ್‌ನ ಎಫ್‌ಎನ್ ಕಾರ್ಖಾನೆ ಅದನ್ನು ತೆಗೆದುಕೊಂಡಿತು. ಆಟೋ-5 ಅಂತ ಹೆಸರಾದ ಆ ಕೋವಿ 1998ರವರೆಗೂ ತಯಾರಾಯ್ತು.

ಇಲ್ಲಿ ಒಂದು ಮಾತು ಬಿಟ್ಟರೆ ಕತೆ ಅರ್ಧ ಆಗುತ್ತೆ. 1914ರಲ್ಲಿ ಸರಯೇವೊದಲ್ಲಿ ಆಸ್ಟ್ರಿಯಾದ ರಾಜಕುಮಾರ ಮತ್ತವರ ಹೆಂಡತಿಯನ್ನು ಕೊಂದದ್ದು ಬ್ರೌನಿಂಗ್ ವಿನ್ಯಾಸದ, ಎಫ್‌ಎನ್ ತಯಾರಿಸಿದ ಪಿಸ್ತೂಲು. ಅದರ ಬೆನ್ನಿಗೇ ಮೊದಲ ಮಹಾಯುದ್ಧ ಶುರುವಾಯ್ತು. 1917ರಲ್ಲಿ ಅಮೆರಿಕ ಆ ಯುದ್ಧಕ್ಕೆ ಇಳಿದಾಗ ಅವರ ಮೆಷಿನ್ ಗನ್ ಪರೀಕ್ಷೆಯಲ್ಲಿ 20,000 ಗುಂಡು ಎಲ್ಲೂ ಸಿಕ್ಕಿಕೊಳ್ಳದೆ ಹಾರಿತು. ಯಂತ್ರವಾಗಿ ಅದು ಅದ್ಭುತ. ಅದರ ಮುಂದೆ ನಿಂತವರಿಗೆ ಏನಾಯ್ತು ಅನ್ನೋದು ಬೇರೆ ಲೆಕ್ಕ. ಡಿಸೈನ್ ಮಾಡೋಕೆ ಕಲೀತಿರೋ ನಾವು ಎರಡೂ ಲೆಕ್ಕ ಒಟ್ಟಿಗೇ ಇಟ್ಟುಕೊಂಡು ಓದಬೇಕಾದ ಬದುಕು ಇದು.

ಈಗ ಆ ಎರಡು ಈಡಿನ ಕೋವಿಗೆ ಬರೋಣ. ಕೊಡಗು, ಮಲೆನಾಡಲ್ಲಿ ಕಾಣೋ ಹಳೇ ಜೋಡಿ ನಳಿಗೆಯಲ್ಲಿ ನಳಿಗೆಗಳು ಅಕ್ಕಪಕ್ಕ ಇರ್ತವೆ. ಬ್ರೌನಿಂಗ್ ಅವನ್ನು ಒಂದರ ಮೇಲೊಂದು ಇಟ್ಟರು. ಇದು ಅವರೇ ಮೊದಲು ಮಾಡಿದ್ದಲ್ಲ. ಲಂಡನ್‌ನ ಬಾಸ್ ಕಂಪನಿ 1909ರಲ್ಲಿ, ವುಡ್‌ವರ್ಡ್ 1913ರಲ್ಲಿ ಇಂಥ ಕೋವಿ ಮಾಡಿದ್ದವು. ಆದರೆ ಅವು ಕುಶಲಕರ್ಮಿಗಳು ಕೈಯಲ್ಲೇ ತೀಡಿ ಕೂರಿಸಿದ, ಶ್ರೀಮಂತರ ಕೋವಿಗಳು. ಕಾರ್ಖಾನೆಯಲ್ಲಿ ಸಾಲಾಗಿ ತಯಾರಾಗಿ ಮಧ್ಯಮ ವರ್ಗದ ಗುರಿಕಾರನೂ ಕೊಳ್ಳಬಹುದಾದಂಥದ್ದು ಬ್ರೌನಿಂಗ್‌ಗೆ ಬೇಕಿತ್ತು. 1923ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1926ರಲ್ಲಿ ಸಿಕ್ಕಿತು. ಹೆಸರು ಸೂಪರ್‌ಪೋಸ್ಡ್.

ಮೇಲೆ ಕೆಳಗೆ ಇಟ್ಟರೆ ಏನು ಲಾಭ? ಮೊದಲನೆಯದು ನೋಟ. ಚರೆ ಕೋವಿಗೆ ಹಿಂದಿನ ಸೈಟ್ ಇಲ್ಲ, ನಮ್ಮ ಕಣ್ಣೇ ಹಿಂದಿನ ಸೈಟ್. ಅಕ್ಕಪಕ್ಕದ ನಳಿಗೆಯಲ್ಲಿ ಕಣ್ಣ ಮುಂದೆ ಅಗಲವಾದ ಲೋಹ ಬರುತ್ತೆ, ಮೇಲೆ ಕೆಳಗೆ ಇದ್ದರೆ ಕಿರಿದಾದ ಒಂದೇ ಗೆರೆ. ಎರಡನೆಯದು ಒದೆತ. ಸಾಮಾನ್ಯವಾಗಿ ಕೆಳಗಿನ ನಳಿಗೆ ಮೊದಲು ಹಾರಿಸ್ತಾರೆ. ಅದು ಹೆಗಲಿನ ರೇಖೆಗೆ ಹತ್ತಿರ ಇರೋದ್ರಿಂದ ಮೊಮೆಂಟ್ ಆರ್ಮ್ ಚಿಕ್ಕದು, ಮೂತಿ ಕಡಿಮೆ ಎಗರುತ್ತೆ, ಎರಡನೇ ಈಡಿಗೆ ಕಣ್ಣು ಬೇಗ ಸಿದ್ಧ ಆಗುತ್ತೆ. ನಷ್ಟವೂ ಇದೆ. ಕೆಳಗಿನ ತೋಟಾ ತೆಗೆಯೋಕೆ ಕೋವಿಯನ್ನು ಹೆಚ್ಚು ಬಗ್ಗಿಸಿ ತೆರೆಯಬೇಕು. ಬ್ರೌನಿಂಗ್ ವಿನ್ಯಾಸದಲ್ಲಿ ನಳಿಗೆಗಳ ಅಡಿಯಲ್ಲಿ ದಪ್ಪ ಹಿಂಜ್ ಪಿನ್ನು, ಬೀಗ ಎರಡೂ ಬರೋದ್ರಿಂದ ಕೋವಿಯ ಹೊಟ್ಟೆ ಬಾಸ್‌ಗಿಂತ ಆಳ. ಅಂದ ಸ್ವಲ್ಪ ಕಡಿಮೆ, ಆದರೆ ಮೆಷಿನ್‌ನಲ್ಲಿ ಮಾಡೋಕೆ ಸುಲಭ ಮತ್ತು ಗಟ್ಟಿ. ಅವರು ಬೇಕಂತಲೇ ಮಾಡಿದ ಆಯ್ಕೆ ಇದು.

ಇಂಥ ಕೋವಿ ಆರಿಸೋದೂ ಹೀಗೇ, ಕೆಲಸ ನೋಡಿ. ಟ್ರ್ಯಾಪ್‌ನಲ್ಲಿ ತಟ್ಟೆ ನಮ್ಮಿಂದ ದೂರ ದೂರ ಓಡುತ್ತೆ, ಹಾಗಾಗಿ 30 ಅಥವಾ 32 ಇಂಚಿನ ಉದ್ದ ನಳಿಗೆ, ಬಿಗಿ ಚೋಕ್, ಮೂರೂವರೆ ಕಿಲೋ ಅಥವಾ ಹೆಚ್ಚಿನ ತೂಕ. ತೂಕ ಹೆಚ್ಚಿದ್ದಷ್ಟೂ ಒದೆತದ ವೇಗ ಕಡಿಮೆ, ಮೊಮೆಂಟಮ್ ಲೆಕ್ಕ. ಸ್ಕೀಟ್‌ನಲ್ಲಿ ತಟ್ಟೆ ಹತ್ತಿರದಲ್ಲಿ ಅಡ್ಡ ಹೋಗುತ್ತೆ, ಅಲ್ಲಿ ಚರೆ ಬೇಗ ಹರಡೋ ಸಡಿಲ ಚೋಕ್ ಬೇಕು. ಹಕ್ಕಿ ಬೇಟೆಗೆ ಇಡೀ ದಿನ ಹೊತ್ತು ನಡೀಬೇಕು, ಹಾಗಾಗಿ 26 ಅಥವಾ 28 ಇಂಚಿನ ಹಗುರ ಕೋವಿ. ಎರಡು ನಳಿಗೆಗೆ ಎರಡು ಬೇರೆ ಚೋಕ್ ಇಟ್ಟುಕೊಳ್ಳೋದು ಒಂದೇ ನಳಿಗೆಯ ಆಟೋ-5ಕ್ಕೆ ಆಗದ ಕೆಲಸ. ಎಲ್ಲಕ್ಕಿಂತ ಮುಖ್ಯ, ಸ್ಟಾಕ್ ನಮ್ಮ ಹೆಗಲು, ಕೆನ್ನೆಗೆ ಸರಿಯಾಗಿ ಕೂರಬೇಕು. ಕೆನ್ನೆ ಇಟ್ಟ ತಕ್ಷಣ ಕಣ್ಣು ನಳಿಗೆಯ ಗೆರೆಗೆ ಬರದಿದ್ರೆ ಎಷ್ಟು ದುಬಾರಿ ಕೋವಿಯಾದರೂ ಉಪಯೋಗ ಇಲ್ಲ.

ನಮ್ಮ ದೇಶದಲ್ಲಿ ಹಕ್ಕಿ ಬೇಟೆಯ ಪ್ರಶ್ನೆಯೇ ಇಲ್ಲ. 1972ರ ವನ್ಯಜೀವಿ ಕಾಯ್ದೆ, ಅದರ 1991ರ ತಿದ್ದುಪಡಿ ಆದಮೇಲೆ ಹವ್ಯಾಸದ ಬೇಟೆಗೆ ಲೈಸೆನ್ಸೇ ಕೊಡೋದಿಲ್ಲ. ಬೇತಮಂಗಲ ಕೆರೆಯ ಬಾತುಗಳನ್ನು ದುರ್ಬೀನಲ್ಲಿ ನೋಡಬಹುದು, ಅಷ್ಟೇ. ಕೋವಿ ಇಟ್ಟುಕೊಳ್ಳೋಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್ ಬೇಕು. ಉಳಿದಿರೋದು ತಟ್ಟೆ. ಆ ತಟ್ಟೆಯಲ್ಲೇ ಬಿಕಾನೇರಿನ ಕರಣಿ ಸಿಂಗ್ 1962ರ ವಿಶ್ವ ಚಾಂಪಿಯನ್‌ಶಿಪ್ ಬೆಳ್ಳಿ ಗೆದ್ದರು, ರಾಜ್ಯವರ್ಧನ್ ಸಿಂಗ್ ರಾಥೋಡ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಡಬಲ್ ಟ್ರ್ಯಾಪ್ ಬೆಳ್ಳಿ ತಂದರು. ಡಬಲ್ ಟ್ರ್ಯಾಪ್‌ನಲ್ಲಿ ಒಟ್ಟಿಗೆ ಎರಡು ತಟ್ಟೆ, ಎರಡು ಈಡು. ಮೂರನೇ ತೋಟಾ ಇದ್ದರೂ ಕೆಲಸಕ್ಕೆ ಬರಲ್ಲ. ಜೊತೆಗೆ ರೇಂಜಿನಲ್ಲಿ ಈ ಕೋವಿಯನ್ನು ಬಗ್ಗಿಸಿ ತೆರೆದಿಟ್ಟರೆ ಒಳಗೆ ತೋಟಾ ಇಲ್ಲ ಅನ್ನೋದು ಪಕ್ಕದಲ್ಲಿ ನಿಂತವರಿಗೂ ಕಾಣುತ್ತೆ. ಐದು ಈಡಿನ ಕೋವಿ ಮಾಡಿದವರು ಎರಡಕ್ಕೆ ಇಳಿದದ್ದು ಹಿಂದೆ ಸರಿದಂತೆ ಅಲ್ಲ. ಈ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು, ಆ ಅಷ್ಟನ್ನು ತಪ್ಪದ ಹಾಗೆ ಮಾಡಬೇಕು ಅನ್ನೋ ಲೆಕ್ಕ ಅದು.

1926ರ ನವೆಂಬರ್ 26ರಂದು, ಹರ್ಸ್ಟಾಲ್ ಕಾರ್ಖಾನೆಯಲ್ಲಿ ಕೆಲಸದ ಮಧ್ಯೆ ಬ್ರೌನಿಂಗ್‌ಗೆ ಎದೆ ನೋವು ಬಂತು. ಮಗ ವ್ಯಾಲ್ ಅವರ ಕಚೇರಿಯಲ್ಲಿ ಮಲಗಿದವರು ಮತ್ತೆ ಏಳಲಿಲ್ಲ. 71 ವರ್ಷ ಆಗಿತ್ತು. ಸೂಪರ್‌ಪೋಸ್ಡ್ ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಅಪ್ಪನ ವಿನ್ಯಾಸದಲ್ಲಿ ನಳಿಗೆಗೊಂದರಂತೆ ಎರಡು ಟ್ರಿಗರ್ ಇದ್ದವು. ಕಾರ್ಖಾನೆ ತಯಾರಿಯನ್ನು ದಡ ಮುಟ್ಟಿಸಿದ್ದು, ಮುಂದೆ ಎರಡೂ ನಳಿಗೆಗೆ ಒಂದೇ ಟ್ರಿಗರ್ ಸಾಕಾಗೋ ಹಾಗೆ ಮಾಡಿದ್ದು ವ್ಯಾಲ್. 1931ರಲ್ಲಿ ಅದು ಅಮೆರಿಕದ ಅಂಗಡಿಗಳಿಗೆ ಬಂತು. ಇವತ್ತು ಯಾವ ಟ್ರ್ಯಾಪ್ ರೇಂಜಿಗೆ ಹೋದರೂ ಸಾಲಾಗಿ ನಿಂತವರ ಕೈಯಲ್ಲಿ ಹೆಚ್ಚಾಗಿ ಕಾಣೋದು ಒಂದರ ಮೇಲೊಂದು ನಳಿಗೆಯ ಕೋವಿಗಳೇ.