ದಾನಚಿಂತಾಮಣಿ ಅತ್ತಿಮಬ್ಬೆಯ ವ್ರತಜೀವನ

ವ್ರತವೆಂದೊಡನೆ ನಮ್ಮ ಮನೆಗಳಲ್ಲಿ ಮೊದಲು ಕೇಳುವ ಮಾತು, ಉಪವಾಸವೆಷ್ಟು ದಿನ, ಪಾರಣೆಯೆಂದು ಎಂಬುದೇ ಆಗಿದೆ. ಇದು ತಪ್ಪಲ್ಲ. ಗೃಹಸ್ಥನಾದವನಿಗೆ ಕಾಲದ ಮಿತಿ ಬೇಕು. ಆದರೆ ಪಾರಣೆಯ ದಿನವನ್ನು ಮುಂಚಿತವಾಗಿ ಗೊತ್ತುಮಾಡಲಾಗದ ವ್ರತವೊಂದು ಕೆಲವರ ಪಾಲಿಗೆ ತಾನಾಗಿಯೇ ಬರುವುದುಂಟು. ಅಂತಹ ವ್ರತವನ್ನು ಮನೆಯಲ್ಲಿದ್ದೇ ಸಾಧಿಸಿದ ಮಹಾಶ್ರಾವಿಕೆ ಅತ್ತಿಮಬ್ಬೆ.

ಈಕೆಯ ತವರು ವೆಂಗಿನಾಡಿನ ಮೂಲದ ಧರ್ಮನಿಷ್ಠ ಮನೆತನ. ತಂದೆ ಮಲ್ಲಪಯ್ಯ, ಆತನ ಸೋದರ ಪೊನ್ನಮಯ್ಯ. ಈ ಸೋದರರು ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣಾರ್ಥವಾಗಿ ಪೊನ್ನ ಮಹಾಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದರು. ಕಲಿಗಳೂ ಕಾವ್ಯಪ್ರಿಯರೂ ಆಗಿದ್ದವರ ಮನೆಯಲ್ಲಿ ಅತ್ತಿಮಬ್ಬೆಯೂ ಆಕೆಯ ತಂಗಿ ಗುಂಡಮಬ್ಬೆಯೂ ಬೆಳೆದರು. ಅಕ್ಕತಂಗಿಯರಿಬ್ಬರನ್ನೂ ವರಿಸಿದವನು ನಾಗದೇವ. ಈತನು ಚಾಲುಕ್ಯ ಚಕ್ರವರ್ತಿ ಎರಡನೆಯ ತೈಲಪನ ಮಂತ್ರಿಯಾದ ಧಲ್ಲಪನ ಮಗ, ತಾನೂ ಸೇನಾನಾಯಕ.

ತೈಲಪನು 973ರಲ್ಲಿ ರಾಷ್ಟ್ರಕೂಟರನ್ನು ತೆಗೆದು ರಾಜ್ಯವನ್ನು ಸ್ಥಾಪಿಸಿದವನು. ಅವನ ಆಳ್ವಿಕೆಯೆಲ್ಲವೂ ಚೋಳರೊಡನೆ, ಮಾಳವದ ಪರಮಾರರೊಡನೆ ಕಾದಾಟದಲ್ಲಿಯೇ ಕಳೆಯಿತೆನ್ನಬಹುದು. ಚರಿತ್ರೆಯ ಪುಸ್ತಕಗಳಲ್ಲಿ ಗೆದ್ದವರ ಹೆಸರಿರುತ್ತದೆ. ಹಿಂದಿರುಗುವರೋ ಇಲ್ಲವೋ ಎಂದು ದಾರಿ ಕಾಯ್ದವರ ಹೆಸರಿರುವುದಿಲ್ಲ. ಸೇನಾನಾಯಕನ ಮನೆಯ ಹೆಂಗಸರಿಗೆ ಕಾಯುವುದೇ ನಿತ್ಯದ ಕರ್ಮವಾಗಿದ್ದಿರಬೇಕು.

ಕಡೆಗೆ ನಾಗದೇವನು ಅಕಾಲದಲ್ಲಿ ಗತಿಸಿದನು. ಗುಂಡಮಬ್ಬೆಯು ಪತಿಯೊಡನೆ ಅಗ್ನಿಪ್ರವೇಶ ಮಾಡಿದಳು. ಒಂದೇ ದಿನ ಪತಿಯನ್ನೂ ಒಡಹುಟ್ಟಿದವಳನ್ನೂ ಕಳೆದುಕೊಂಡ ಅತ್ತಿಮಬ್ಬೆಯ ಮಡಿಲಲ್ಲಿ ಮಗ ಅಣ್ಣಿಗದೇವನಿದ್ದನು. ಆಕೆ ಬದುಕಿ ಉಳಿದಳು. ಈ ಸ್ಥಳದಲ್ಲಿ ವಾಚಕರು ಕ್ಷಣಕಾಲ ನಿಲ್ಲಬೇಕೆಂದು ನನ್ನ ವಿಜ್ಞಾಪನೆ. ಆ ಕಾಲದ ಲೋಕವು ಬೆಂಕಿಗೆ ಬಿದ್ದವಳನ್ನು ಕೊಂಡಾಡುತ್ತಿತ್ತು. ನಮ್ಮ ಆಗಮವಾದರೋ ಬೇರೆ ಹೇಳುತ್ತದೆ. ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಗಿರಿಯಿಂದ ಬೀಳುವುದನ್ನೂ ಅಗ್ನಿಯಲ್ಲಿ ಬೀಳುವುದನ್ನೂ ಲೋಕಮೂಢತೆಯಲ್ಲಿ ಎಣಿಸಿದ್ದಾರೆ. ಹಾಗೆಂದು ಗುಂಡಮಬ್ಬೆಯನ್ನು ನಿಂದಿಸಲು ನನಗೆ ಮನಸ್ಸು ಬಾರದು. ಇಷ್ಟವಿಯೋಗದ ಆರ್ತಧ್ಯಾನವು ಎಂತಹ ಜೀವವನ್ನಾದರೂ ಕುರುಡು ಮಾಡಬಲ್ಲುದು. ತಂಗಿಯ ಚಿತೆಯನ್ನು ಕಂಡೂ ಶಾಸ್ತ್ರದ ಮಾತನ್ನು ನೆನೆದು ಉಳಿದ ಅಕ್ಕನ ಧೈರ್ಯವು ರಣದಲ್ಲಿ ಬೇಕಾದ ಧೈರ್ಯಕ್ಕಿಂತ ಹಿರಿದೆಂದು ಮಾತ್ರ ಹೇಳುತ್ತೇನೆ.

ಅಲ್ಲಿಂದ ಮುಂದೆ ಆಕೆಯದು ಮನೆಯಲ್ಲಿದ್ದೇ ಮಾಡಿದ ತಪಸ್ಸು. ಅಣುವ್ರತಗಳನ್ನು ಪಾಲಿಸುತ್ತ, ಉಪವಾಸಗಳಿಂದ ದೇಹವನ್ನು ಕೃಶಗೊಳಿಸುತ್ತ ಮಗನನ್ನು ಬೆಳೆಸಿದಳು. ಆರ್ಯಿಕೆಯಾಗಿ ಮನೆ ಬಿಟ್ಟಿದ್ದರೆ ಆಗ ಯಾರೂ ಬೇಡವೆನ್ನುತ್ತಿರಲಿಲ್ಲ. ಮಗುವೊಂದು ತನ್ನನ್ನೇ ನಂಬಿರುವಾಗ ಆಕೆ ಹಾಗೆ ಮಾಡಲಿಲ್ಲ.

ಆಕೆಯ ಶಾಸ್ತ್ರದಾನದ ವಿಷಯ ಎಲ್ಲರೂ ಕೇಳಿರುವುದೇ. ತಂದೆಯೂ ಚಿಕ್ಕಪ್ಪನೂ ಬರೆಯಿಸಿದ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ರತ್ನಖಚಿತವಾದ 1500 ಸುವರ್ಣ ಜಿನಪ್ರತಿಮೆಗಳನ್ನು ಮಾಡಿಸಿ ದಾನವಿತ್ತಳು. ಶಾಲೆಯಲ್ಲಿ ಲೆಕ್ಕ ಕಲಿಸಿದ ಅಭ್ಯಾಸದಿಂದ ನಾನೊಮ್ಮೆ ಎಣಿಕೆ ಹಾಕಿದೆ. ಒಂದು ಪುರಾಣವನ್ನು ತಾಳೆಯೋಲೆಗೆ ಇಳಿಸಲು ಒಬ್ಬ ಲಿಪಿಕಾರನಿಗೆ ಒಂದೇ ತಿಂಗಳು ಸಾಕೆಂದು ಹಿಡಿದರೂ, 1000 ಪ್ರತಿಗಳಿಗೆ ಒಬ್ಬನ ಕೈಯಲ್ಲಿ 83 ವರ್ಷಗಳು ಬೇಕು. ಎಷ್ಟು ಕೈಗಳು ದುಡಿದಿರಬೇಕು, ಎಷ್ಟು ಮನೆಗಳ ಒಲೆ ಉರಿದಿರಬೇಕು! ದುಃಖದಲ್ಲಿ ನರಳುವವರಿಗೆ ಶಾಂತಿನಾಥನ ಚರಿತೆ ಕೈಗೆ ಸಿಗಬೇಕೆಂಬ ಕಾರುಣ್ಯಭಾವನೆ ಇದರ ಹಿಂದಿತ್ತೆಂದು ನಾನು ನಂಬುತ್ತೇನೆ. ಹೆಸರಿಗಾಗಿ ಮಾಡುವವರು ಹತ್ತು ಪ್ರತಿಗಳಿಗೇ ನಿಲ್ಲಿಸುತ್ತಾರೆ.

ಬೆಳ್ಗೊಳದ ಯಾತ್ರೆಯ ಪ್ರಸಂಗವಂತೂ ವ್ರತಿಕರು ಮನನ ಮಾಡತಕ್ಕದ್ದು. ಚಾವುಂಡರಾಯನು 981ರಲ್ಲಿ ಪ್ರತಿಷ್ಠೆ ಮಾಡಿಸಿದ ಗೊಮ್ಮಟೇಶ್ವರನ ದರ್ಶನವಾಗುವವರೆಗೆ ಅನ್ನವನ್ನು ಮುಟ್ಟೆನೆಂದು ಅತ್ತಿಮಬ್ಬೆ ನಿಯಮ ತೊಟ್ಟಳೆಂದು ಹೇಳುತ್ತಾರೆ. ಲೊಕ್ಕಿಗುಂಡಿಯ ಸೀಮೆಗೂ ಬೆಳ್ಗೊಳಕ್ಕೂ ಇಂದಿನ ರಸ್ತೆಯಲ್ಲಿ 300 ಕಿಲೋಮೀಟರಿಗೂ ಹೆಚ್ಚಿನ ದೂರ. ಉಪವಾಸದಿಂದ ಬಳಲಿ ಬೆಟ್ಟವೇರಿ ಬಂದವಳ ಮೇಲೆ, ಮಳೆಗಾಲವಲ್ಲದ ಕಾಲದಲ್ಲಿ, ತಂಪಾದ ಮಳೆ ಸುರಿಯಿತಂತೆ. ಅತಿಶಯವನ್ನು ನಂಬುವವರು ನಂಬಲಿ. ನನ್ನ ಗಮನ ಹೋಗುವುದು ಮಳೆಗೆ ಮುಂಚಿನ ದಾರಿಯ ಕಡೆಗೆ. ಆಕೆ ಮಳೆಯನ್ನು ಬೇಡಿರಲಿಲ್ಲ. ಬೇಡಿದ್ದರೆ ಅದು ನಿದಾನವಾಗಿ ವ್ರತಕ್ಕೆ ಶಲ್ಯವಾಗುತ್ತಿತ್ತು.

ಗೋದಾವರಿಯ ಪ್ರವಾಹವು ಜಿನಬಿಂಬವನ್ನು ಹೊತ್ತು ನಿಂತ ಅತ್ತಿಮಬ್ಬೆಗಾಗಿ ತಡೆದು ನಿಂತಿತೆಂಬುದು ಇನ್ನೊಂದು ಕಥೆ. ನದಿಯ ಆಚೆ ದಡದಲ್ಲಿ ಸಿಕ್ಕಿಬಿದ್ದ ದಂಡಿನವರನ್ನು ಈಚೆಗೆ ತರಲು ಹೀಗಾಯಿತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಗಂಡನನ್ನು ಕಾಯುವ ಸಂಕಟವನ್ನು ತಾನುಂಡವಳು, ಆ ದಂಡಾಳುಗಳ ಮನೆಗಳಲ್ಲಿ ಕಾಯುತ್ತಿದ್ದವರನ್ನು ಮರೆಯಲು ಸಾಧ್ಯವೆ?

ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೆ ಈಕೆಯೇ ಆಶ್ರಯದಾತೆ. ಈಕೆಯ ಪ್ರೇರಣೆಯಿಂದ 993ರಲ್ಲಿ ಅಜಿತಪುರಾಣ ಸಿದ್ಧವಾಯಿತು. ತೈಲಪನಿಂದ ಕವಿಚಕ್ರವರ್ತಿಯೆನಿಸಿಕೊಂಡ ಆ ಕವಿ ತನ್ನ ಮಗಳಿಗೆ ಅತ್ತಿಮಬ್ಬೆಯೆಂದೇ ಹೆಸರಿಟ್ಟನು. ಕೃತಿಯ ಆದಿಯಲ್ಲಿ ಮಾಡಿದ ಸ್ತುತಿಗಿಂತಲೂ ದಿನಕ್ಕೆ ಹತ್ತು ಸಲ ಮಗಳನ್ನು ಆ ಹೆಸರಿನಿಂದ ಕೂಗಿದ್ದು ದೊಡ್ಡ ಗೌರವವೆಂದು ನನಗೆ ತೋರುತ್ತದೆ.

ತೈಲಪನು ತೀರಿಕೊಂಡು ಅವನ ಮಗ ಇರಿವಬೆಡಂಗ ಸತ್ಯಾಶ್ರಯನು 997ರಲ್ಲಿ ಪಟ್ಟಕ್ಕೆ ಬಂದನು. ಅಷ್ಟರಲ್ಲಿ ಅಣ್ಣಿಗದೇವನೂ ಬೆಳೆದು, ಪಡೆವಳ ತೈಲನೆಂಬ ಹೆಸರಿನಿಂದ ಅಧಿಕಾರದಲ್ಲಿದ್ದನು. ತಾಯಿಯ ದೀರ್ಘವಾದ ಕಾಯುವಿಕೆ ಹೀಗೆ ಫಲಿಸಿತು. 1007ರಲ್ಲಿ ಅತ್ತಿಮಬ್ಬೆಯು ಲೊಕ್ಕಿಗುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿ ದತ್ತಿ ಬಿಡಿಸಿದಳು. ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಆ ಬಸದಿಯು ಈಗಲೂ ನಿಂತಿದೆ. ಆಕೆಯ ಶಾಸನವೂ ಉಳಿದಿದೆ. ಯಾತ್ರೆಗೆ ಹೋದವರು ಬಾಗಿಲಲ್ಲೇ ಕೈಮುಗಿದು ಹಿಂದಿರುಗದೆ, ಆ ಶಾಸನದ ಬಗ್ಗೆ ವಿಚಾರಿಸಿ, ಮಕ್ಕಳಿಗೆ ಅದರ ಅರ್ಥವನ್ನು ಕೇಳಿಸಿ ಬರಬೇಕು.