ಶಿಗೆಲ್ಲ ಹಿಂದಿನ ಶಿಗಾ

ಕಳೆದ ಸೆಮಿಸ್ಟರ್ ಮುಗಿದಾಗ ನಾವು ಆರು ಜನ ಮಂಡ್ಯದಿಂದ ಶಿವನಸಮುದ್ರಕ್ಕೆ ಹೋಗಿದ್ವಿ. ಮದ್ದೂರಲ್ಲಿ ವಡೆ ತಿಂದ್ವಿ, ಮಳವಳ್ಳಿ ದಾಟಿದ ಮೇಲೆ ಐಸ್ ಹಾಕಿದ ಕಬ್ಬಿನ ಹಾಲು ಕುಡಿದ್ವಿ. ಎರಡು ದಿನಕ್ಕೆ ನಮ್ಮಲ್ಲಿ ಒಬ್ಬನಿಗೆ ಜ್ವರ, ಹೊಟ್ಟೆನುಲಿತ, ರಕ್ತಭೇದಿ. ಕಾದ ಎಣ್ಣೆಯಲ್ಲಿ ಬೆಂದ ವಡೆ ಮೇಲೆ ನಮಗೆ ಅನುಮಾನ ಇಲ್ಲ, ಐಸ್ ಮೇಲಿದೆ. ಲ್ಯಾಬ್ ರಿಪೋರ್ಟಲ್ಲಿ ಶಿಗೆಲ್ಲ ಅಂತ ಬಂತು. ಯಾರೋ ಹುಡುಗಿ ಹೆಸರಿನ ಥರ ಇದೆ ಅಂತ ನಕ್ಕಿದ್ವಿ. ಹುಡುಕಿದರೆ ಅದು ಕಿಯೋಶಿ ಶಿಗಾ ಅನ್ನೋ ಜಪಾನಿ ವಿಜ್ಞಾನಿಯ ಹೆಸರು.

ಶಿಗಾ ಹುಟ್ಟಿದ್ದು 1871ರಲ್ಲಿ, ಸೆಂಡೈ ಊರಲ್ಲಿ. ತಂದೆಯ ಮನೆತನ ಬಡತನಕ್ಕೆ ಬಿದ್ದಿದ್ದರಿಂದ ತಾಯಿಯ ತವರಿನವರೇ ಸಾಕಿದರು. ಶಿಗಾ ಅನ್ನೋದು ಆ ತವರಿನ ಹೆಸರು. 1896ರಲ್ಲಿ ಟೋಕಿಯೊದಲ್ಲಿ ಮೆಡಿಕಲ್ ಮುಗಿಸಿ, ಕಿಟಸಾಟೊ ಅವರ ಸಾಂಕ್ರಾಮಿಕ ರೋಗಗಳ ಸಂಸ್ಥೆ ಸೇರಿದರು. ಮರುವರ್ಷ ಜಪಾನಿನಲ್ಲಿ ಸೆಕಿರಿ, ಅಂದರೆ ಕೆಂಪು ಭೇದಿ, ಹಬ್ಬಿತು. 90 ಸಾವಿರಕ್ಕೂ ಹೆಚ್ಚು ಜನಕ್ಕೆ ಬಂತು. ಐದರಲ್ಲಿ ಒಬ್ಬರಿಗಿಂತ ಹೆಚ್ಚು ಸತ್ತರು.

ಮಲದಲ್ಲಿ ನೂರೆಂಟು ಬ್ಯಾಕ್ಟೀರಿಯಾ ಇರುತ್ತವೆ. ಅದರಲ್ಲಿ ಕಳ್ಳ ಯಾರು? ಶಿಗಾ 36 ರೋಗಿಗಳನ್ನು ಪರೀಕ್ಷಿಸಿದರು. ಸಿಕ್ಕ ಬ್ಯಾಕ್ಟೀರಿಯಾ ಜೊತೆ ರೋಗಿಗಳ ರಕ್ತದ ಸೀರಂ ಬೆರೆಸಿ ನೋಡಿದರು. ಒಂದು ಜಾತಿ ಮಾತ್ರ ಗಂಟುಗಂಟಾಗಿ ಅಂಟಿಕೊಂಡಿತು. ರೋಗಿಯ ದೇಹ ಮೊದಲೇ ಅದರ ಜೊತೆ ಹೋರಾಡಿತ್ತು ಅನ್ನೋದಕ್ಕೆ ಅದೇ ಗುರುತು. ನಮ್ಮ ಭಾಷೇಲಿ ಹೇಳೋದಾದ್ರೆ, ಅಷ್ಟು ಲೈನ್ ಕೋಡಲ್ಲಿ ಒಂದೇ ಒಂದು ಬಗ್ ಹಿಡಿದ ಹಾಗೆ. ಪ್ರಬಂಧದಲ್ಲಿ ಗುರುಗಳು ತಮ್ಮ ಹೆಸರು ಸೇರಿಸಲಿಲ್ಲ, ಶ್ರೇಯಸ್ಸು ಪೂರ್ತಿ ಶಿಷ್ಯನಿಗೇ ಬಿಟ್ಟರು. ಪ್ರಾಜೆಕ್ಟ್ ಮಾಡೋ ನಮಗೆ ಇದರ ಬೆಲೆ ಗೊತ್ತು!

ಮುಂದೆ ಸತ್ತ ಬ್ಯಾಕ್ಟೀರಿಯಾದಿಂದ ಲಸಿಕೆ ಮಾಡಿ, ಮೊದಲು ತಮಗೇ ಚುಚ್ಚಿಕೊಂಡರು. ಚುಚ್ಚಿದ ಜಾಗ ಜೋರಾಗಿ ಕೆರಳಿದಾಗ ಬೇರೆ ದಾರಿ ಹುಡುಕಿದರು. 1901ರಲ್ಲಿ ಜರ್ಮನಿಗೆ ಹೋಗಿ ಪಾಲ್ ಎರ್ಲಿಕ್ ಜೊತೆ ಔಷಧ ಸಂಶೋಧನೆ ಮಾಡಿದರು. 1944ರಲ್ಲಿ ಜಪಾನಿನ ದೊಡ್ಡ ಗೌರವವಾದ ಸಂಸ್ಕೃತಿ ಪದಕ ಬಂತು. ಆದರೆ ಹೆಂಡತಿ, ಮಕ್ಕಳ ಸಾವನ್ನೂ ನೋಡಬೇಕಾಯ್ತು. ಯುದ್ಧದ ಬಾಂಬಿಗೆ ಟೋಕಿಯೊದ ಮನೆ ಹೋಯ್ತು. ಹುಟ್ಟೂರ ಕಡೆಗೇ ವಾಪಸ್ ಹೋಗಿ, 1957ರಲ್ಲಿ ತೀರಿಕೊಂಡರು.

ಶಿಗೆಲ್ಲ ಅಂಟಲು 10ರಿಂದ 100 ಬ್ಯಾಕ್ಟೀರಿಯಾ ಸಾಕು. ತೊಳೆಯದ ಒಂದು ಕೈ, ಒಂದು ತುಂಡು ಐಸ್ ಸಾಕಾಗುತ್ತೆ. ಎಲ್ಲರಿಗೂ ಸಿಗುವ ಲಸಿಕೆ ಇನ್ನೂ ಬಂದಿಲ್ಲ, ಕೆಲವು ತಳಿಗಳಿಗೆ ಆಂಟಿಬಯಾಟಿಕ್ ಕೂಡ ನಾಟೋದಿಲ್ಲ. ಉಳಿದಿರೋದು ಸೋಪು, ಕಾಯಿಸಿದ ನೀರು.

ನಮ್ಮ ಗೆಳೆಯ ಹುಷಾರಾಗಿದ್ದಾನೆ. ಈಗಲೂ ಕಬ್ಬಿನ ಹಾಲು ಕುಡೀತೀವಿ. ಗಾಣದ ಮುಂದೆ ನಿಂತ ತಕ್ಷಣ ಐಸ್ ಬೇಡ ಅಣ್ಣ ಅನ್ನೋನು ಅವನೇ.