ಗುರುವನ್ನು ಕಾಣದೆ ಪೀಠವೇರಿದ ಶಿಷ್ಯ

ಶೃಂಗೇರಿಯಲ್ಲಿ ತುಂಗೆಯನ್ನು ದಾಟಿ ನರಸಿಂಹವನಕ್ಕೆ ಹೋದಾಗಲೆಲ್ಲ ನಾನು ಎರಡು ಅಧಿಷ್ಠಾನಗಳ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇನೆ. ಒಂದು, ಶಾರದಾಪೀಠದ 33ನೆಯ ಜಗದ್ಗುರು ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಗಳದು. ಇನ್ನೊಂದು, ಅವರ ಉತ್ತರಾಧಿಕಾರಿ ಚಂದ್ರಶೇಖರ ಭಾರತಿಗಳದು. ಗುರುಪರಂಪರೆ ಎಂಬ ಮಾತನ್ನು ನಾವೀಗ ಸಲೀಸಾಗಿ ಬಳಸುತ್ತೇವೆ. ಗುರುಪೂರ್ಣಿಮೆಯ ಫ್ಲೆಕ್ಸ್‌ಗಳಲ್ಲಂತೂ ಅದು ಧಾರಾಳ. ಆ ಮಾತಿನ ಭಾರವೆಷ್ಟೆಂಬುದು ನನಗೆ ಅರಿವಾದದ್ದು ಈ ಶಿಷ್ಯರ ಬದುಕನ್ನು ಓದಿದ ಮೇಲೆ.

ಅವರು ಹುಟ್ಟಿದ್ದು 1892ರ ಅಕ್ಟೋಬರ್‌ನಲ್ಲಿ, ಶೃಂಗೇರಿಯಲ್ಲೇ. ಪೂರ್ವಾಶ್ರಮದ ಹೆಸರು ನರಸಿಂಹ. ಇಂಗ್ಲಿಷ್ ಕಲಿಸುವ ಶಾಲೆಯಲ್ಲಿ ಓದುತ್ತಿದ್ದ ಹುಡುಗನನ್ನು ಹನ್ನೆರಡರ ಪ್ರಾಯದಲ್ಲಿ ಸಂಸ್ಕೃತ ಪಾಠಶಾಲೆಗೆ ಸೇರಿಸಿದವರು ಹಿರಿಯ ಜಗದ್ಗುರುಗಳೇ. ಮುಂದೆ, ತಾವೇ ಬೆಂಗಳೂರಿನ ಶಂಕರಪುರದಲ್ಲಿ ಸ್ಥಾಪಿಸಿದ ಪಾಠಶಾಲೆಗೆ ಅವನನ್ನು ಮೀಮಾಂಸೆ ಮತ್ತು ವೇದಾಂತದ ಅಧ್ಯಯನಕ್ಕಾಗಿ ಕಳುಹಿಸಿದರು.

1912ರ ಮಾರ್ಚ್‌ನಲ್ಲಿ ಶೃಂಗೇರಿಯಿಂದ ಕರೆ ಬಂತು. ಗುರುಗಳ ದೇಹಸ್ಥಿತಿ ಕೈಮೀರಿತ್ತು, ಈ ತರುಣನನ್ನೇ ಉತ್ತರಾಧಿಕಾರಿಯೆಂದು ಅವರು ಸೂಚಿಸಿದ್ದರು. ಇಂದಿನಂತೆ ಒಂದೇ ಹಗಲಿನಲ್ಲಿ ಮುಗಿಯುವ ಪ್ರಯಾಣ ಅದಾಗಿರಲಿಲ್ಲ. ಶಿಷ್ಯ ಬಂದು ತಲುಪುವ ಮೊದಲೇ, ಮಾರ್ಚ್ 20ರಂದು, ಗುರು ವಿದೇಹಮುಕ್ತರಾಗಿದ್ದರು. ಕಿವಿಯಲ್ಲಿ ಮಹಾವಾಕ್ಯ ಹೇಳಬೇಕಾದವರೇ ಇಲ್ಲ. ಉಳಿದಿದ್ದುದು ಅವರ ಸಮಾಧಿ ಮಾತ್ರ. ಏಪ್ರಿಲ್ 7ರಂದು, ಇನ್ನೂ ಇಪ್ಪತ್ತು ತುಂಬದ ನರಸಿಂಹ ಚಂದ್ರಶೇಖರ ಭಾರತಿಗಳಾಗಿ ಪೀಠವೇರಿದರು.

ಆಮೇಲಿನ ಅವರ ಬದುಕೆಲ್ಲ ತಪ್ಪಿಹೋದ ಆ ಭೇಟಿಗೆ ಸಲ್ಲಿಸಿದ ಉತ್ತರವೆಂದೇ ನನಗೆ ತೋರುತ್ತದೆ. ಗುರು ಆರಂಭಿಸಿದ್ದ ಶಾರದಾಂಬೆಯ ಶಿಲಾಮಯ ದೇಗುಲವನ್ನು ಪೂರ್ಣಗೊಳಿಸಿ, 1916ರಲ್ಲಿ ಕುಂಭಾಭಿಷೇಕ ನೆರವೇರಿಸಿದರು. ಗುರುವಿನ ಸಮಾಧಿಯ ಮೇಲೆ ಗುಡಿ ಕಟ್ಟಿಸಿದರು. 1924ರಲ್ಲಿ ದಕ್ಷಿಣದ ದೀರ್ಘ ಸಂಚಾರಕ್ಕೆ ಹೊರಟು ಕಾಲಡಿಯವರೆಗೂ ಹೋದರು. ಆದಿಶಂಕರರ ಆ ಜನ್ಮಸ್ಥಳದಲ್ಲಿ 1910ರಲ್ಲಿ ದೇವಾಲಯ ಪ್ರತಿಷ್ಠಾಪಿಸಿದ್ದವರೂ ಆ ಗುರುವೇ. ಶೃಂಗೇರಿಯಲ್ಲಿ ತಾವೇ ಕುಳಿತು ವಿದ್ಯಾರ್ಥಿಗಳಿಗೆ ವೇದಾಂತ ಪಾಠ ಹೇಳಿದರು, ವಿವೇಕಚೂಡಾಮಣಿಗೆ ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದರು.

ಇಷ್ಟು ಮಾಡಿದವರು ಕ್ರಮೇಣ ಅಂತರ್ಮುಖರಾದರು. ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಯಾರಿಗೂ ದರ್ಶನವಿಲ್ಲ. ದೂರದಿಂದ ಬಂದವರು ಬಾಗಿಲು ನೋಡಿ ಹಿಂದಿರುಗಬೇಕಾಗುತ್ತಿತ್ತು. ಸಂಸ್ಥಾನದ ಅಧಿಪತಿಯೊಬ್ಬರು ಹೀಗಿರಬಹುದೇ ಎಂಬ ಪ್ರಶ್ನೆ ನನ್ನನ್ನೂ ಬಹುಕಾಲ ಕಾಡಿತ್ತು. ಹರೆಯದಲ್ಲಿ ಇದನ್ನು ಕರ್ತವ್ಯಲೋಪವೆಂದೇ ವಾದಿಸಿದ್ದೆ. ಆ ವಾದವನ್ನು ಈಗ ಹಿಂದಕ್ಕೆ ಪಡೆಯುತ್ತೇನೆ. 1931ರ ಮೇ ತಿಂಗಳಲ್ಲಿ ಹದಿಮೂರರ ಬಾಲಕನೊಬ್ಬನಿಗೆ ಅವರು ತಾವೇ ಸಂನ್ಯಾಸ ಕೊಟ್ಟು ಅಭಿನವ ವಿದ್ಯಾತೀರ್ಥರೆಂದು ಹೆಸರಿಟ್ಟರು. ಎರಡು ದಶಕಕ್ಕೂ ಹೆಚ್ಚು ಕಾಲ ಆ ಶಿಷ್ಯ ಗುರುವಿನ ಸನ್ನಿಧಿಯಲ್ಲೇ ಬೆಳೆದರು. ಮಠದ ಹೊರೆಯನ್ನೂ ಹೊತ್ತರು. ತಮಗೆ ದೊರೆಯದಿದ್ದುದನ್ನು ಗುರು ತಮ್ಮ ಶಿಷ್ಯನಿಗೆ ದೊರಕಿಸಿಕೊಟ್ಟಿದ್ದರು. ಪರಂಪರೆಯ ಹೊಣೆ ಹೀಗೆ ಭದ್ರವಾದ ಮೇಲೆ ಧ್ಯಾನಕ್ಕೆ ಸರಿದವರನ್ನು ಹೊಣೆಗೇಡಿ ಎನ್ನುವುದು ಹೇಗೆ? ಪೀಠವನ್ನು ಬಿಡಲಾರದೆ ಹಿಡಿದು ಕುಳಿತ ಎಷ್ಟೋ ಮಂದಿಯನ್ನು, ಮಠಗಳಲ್ಲೂ ಹೊರಗೂ, ನಾವು ನೋಡಿದ್ದೇವಲ್ಲ!

1954ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಶೃಂಗೇರಿಗೆ ಬಂದು ಅವರನ್ನು ಕಂಡರು. ಮರುತಿಂಗಳು 26ರ ಭಾನುವಾರ, ಮಹಾಲಯ ಅಮಾವಾಸ್ಯೆಯ ಬೆಳಗಿನ ಜಾವ, ಅವರು ಸ್ನಾನಕ್ಕೆಂದು ತುಂಗೆಗಿಳಿದರು. ಮತ್ತೆ ಮೇಲೆ ಬರಲಿಲ್ಲ. ನರಸಿಂಹವನದಲ್ಲಿ, ಕೊನೆಗಳಿಗೆಯಲ್ಲಿ ಕಾಣಲಾಗದೆ ಹೋದ ಗುರುವಿನ ಪಕ್ಕದಲ್ಲೇ ಅವರಿಗೆ ಸಮಾಧಿಯಾಯಿತು. 1989ರಲ್ಲಿ ಅಭಿನವ ವಿದ್ಯಾತೀರ್ಥರೂ ಅದೇ ವನವನ್ನು ಸೇರಿದರು.